ಹೊಳೆಯ ದಂಡೆಗೆ ಯಾವ ಗಾಡಿ

ರಾಣೇಬೆನ್ನೂರು
೪ ಆಗಸ್ಟ್ ೧೯೯೦

ಪ್ರಿಯ ನಾಗು,

ಪುಣೆಯಲ್ಲಿ ಮಳೆ ಹೇಗಿದೆ, ನಿನ್ನ ಕಾರಖಾನೆ ಹೇಗಿದೆ ಎಂದೆಲ್ಲ ಕೇಳಿ ಆಮೇಲೆ ವಿಷಯಕ್ಕೆ ಬರಬೇಕು. ಅಷ್ಟು ತಾಳ್ಮೆ ನನಗಿಲ್ಲ. ಒಂದು ಪ್ರಶ್ನೆ ಇದೆ. ನನಗೆ ಗೊತ್ತಿರುವವರಲ್ಲಿ ಮೋಟರ್‌ಸೈಕಲ್ಲಿನ ವಿಷಯ ತಿಳಿದವನು ನೀನೊಬ್ಬನೇ.

ಬರುವ ಬೇಸಿಗೆ ರಜೆಯಲ್ಲಿ ನಾನೂ ನಿನ್ನ ಭಾವನೂ ತುಂಗಭದ್ರೆಯ ದಂಡೆ ಹಿಡಿದು ಹೋಗಬೇಕೆಂದು ಮಾಡಿದ್ದೇವೆ. ಹರಿಹರದ ಸೇತುವೆಯ ಹತ್ತಿರ ಇಳಿದು, ನಮ್ಮ ಕಡೆಯ ದಂಡೆಯಲ್ಲಿಯೇ, ಆನೆಗೊಂದಿಯವರೆಗೆ. ಡಾಂಬರು ರಸ್ತೆ ಹಿಡಿಯುವುದಿಲ್ಲ. ಬಂಡಿದಾರಿಯೋ ಕಾಲುದಾರಿಯೋ ಉಸುಕೋ, ಹೊಳೆ ಕಣ್ಣಿಗೆ ಕಾಣುವಷ್ಟು ಹತ್ತಿರ ಏನು ಸಿಗುತ್ತದೋ ಅದು. ಯಾಕೆ ಎಂದು ಕೇಳುತ್ತೀ. ಶಾಲೆಯಲ್ಲಿ ಎಲ್ಲರೂ ಕೇಳಿ ಆಗಿದೆ. ಹದಿನಾರು ವರ್ಷದಿಂದ ಹುಡುಗಿಯರಿಗೆ ಭೂಗೋಳ ಕಲಿಸುತ್ತಿದ್ದೇನೆ. ಪ್ರತಿ ವರ್ಷ ಕರಿಹಲಗೆಯ ಮೇಲೆ ಈ ಹೊಳೆಯನ್ನು ಎಳೆಯುತ್ತೇನೆ, ಎಲ್ಲಿ ತಿರುಗುತ್ತದೆ, ಎಲ್ಲಿ ವರದೆ ಬಂದು ಕೂಡುತ್ತದೆ ಎಂದು ತೋರಿಸುತ್ತೇನೆ. ನಾನೇ ಅದನ್ನು ನೋಡಿದ್ದು ಬಸ್ಸು ಸೇತುವೆ ದಾಟುವಾಗ, ಕಿಟಕಿಯಿಂದ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಈಗ ಪ್ರಶ್ನೆ. ಬುಲೆಟ್ಟೋ, ಯೆಜ್ಡಿಯೋ? ಎರಡು ಜನ, ಒಂದು ಹಾಸಿಗೆ ಸುರುಳಿ, ಸ್ಟೋವು, ನೀರಿನ ಡಬ್ಬಿ. ನೀನು ನಿನ್ನ ಬುಲೆಟ್ಟಿನ ಮೇಲೆ ಸಹ್ಯಾದ್ರಿಯ ಘಾಟುಗಳನ್ನೆಲ್ಲ ಹತ್ತಿ ಇಳಿದವನು, ನಿನಗೆ ಗೊತ್ತಿರುತ್ತದೆ. ನಿನ್ನ ಭಾವ ಹಾವೇರಿ ಕೋರ್ಟಿನಿಂದ ಬಂದು ಚಹ ಕುಡಿಯುತ್ತ ನಾನು ಬರೆಯುವುದನ್ನು ನೋಡಿದರು. "ಅವ ಬುಲೆಟ್ ಅಂತಾನ ತಗೋ. ಕೇಳೂದು ಯಾಕ" ಎಂದರು. ನೀನು ವಿಚಾರ ಮಾಡಿ ಬರೆಯುತ್ತೀ ಎಂದು ನಾನು ಹೇಳಿದ್ದೇನೆ.

ಅನಸೂಯಾ


ಪುಣೆ
೨೨ ಆಗಸ್ಟ್ ೧೯೯೦

ಅಕ್ಕನಿಗೆ,

ಬುಲೆಟ್. ಇದರಲ್ಲಿ ವಿಚಾರ ಮಾಡುವಂಥದ್ದೇನೂ ಇಲ್ಲ.

ಎರಡು ಜನ ಮತ್ತು ಸಾಮಾನು ಎಂದ ಮೇಲೆ ಎಂಜಿನ್ನಿನಲ್ಲಿ ಎಳೆಯುವ ಶಕ್ತಿ ಬೇಕು, ಓಡುವ ಶಕ್ತಿಯಲ್ಲ. ಬುಲೆಟ್ ಮೊದಲನೆಯ ಗೇರಿನಲ್ಲಿ ಎತ್ತಿನ ಹಾಗೆ ನಡೆಯುತ್ತದೆ. ಯೆಜ್ಡಿಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸುತ್ತ ಕೂಡಬೇಕು. ನಿಮ್ಮ ಹೊಳೆಯ ದಂಡೆಯಲ್ಲಿ ಯಾವ ಹಳ್ಳಿಯಲ್ಲಿ ಆ ಎಣ್ಣೆ ಸಿಗುತ್ತದೆ? ಭಾರದ ಗಾಡಿ ನೆಲ ಹಿಡಿದು ಹೋಗುತ್ತದೆ, ಹಗುರದ್ದು ಕಲ್ಲಿನ ಮೇಲೆ ಜಿಗಿಯುತ್ತದೆ. ಹಿಂದೆ ಕೂಡುವ ನಿನಗೇ ಅದು ಗೊತ್ತಾಗುವುದು.

ನನಗೆ ಆಶ್ಚರ್ಯವಾದದ್ದು ಬೇರೆ. ಭಾವ ಗಾಡಿ ಓಡಿಸಲು ಕಲಿತದ್ದು ಯಾವಾಗ? ಆ ದಪ್ಪ ಕನ್ನಡಕ ಹಾಕಿಕೊಂಡು ಸೈಕಲ್ ಸಹ ತಳ್ಳಿಕೊಂಡೇ ಹೋಗುತ್ತಿದ್ದವರು. ಅಂತೂ ಈ ವಯಸ್ಸಿನಲ್ಲಿ ಧೈರ್ಯ ಮಾಡಿದರಲ್ಲ, ಸಂತೋಷ. ನನಗಿಂತ ಎತ್ತರ ಇದ್ದಾರೆ, ಬುಲೆಟ್ಟಿಗೆ ಹೇಳಿ ಮಾಡಿಸಿದ ಕಾಲು. ಅವರ ತೂಕ ಎಷ್ಟು, ಬರೆ. ಹಿಂದಿನ ಸ್ಪ್ರಿಂಗು ನೋಡಬೇಕು.

ನಾಗರಾಜ


ರಾಣೇಬೆನ್ನೂರು
೯ ಸೆಪ್ಟೆಂಬರ್ ೧೯೯೦

ಪ್ರಿಯ ನಾಗು,

ತೂಕದ ಮಾತು ಬಿಡು. ಮೊದಲು ಇದನ್ನು ಓದು.

ಕಳೆದ ಆದಿತ್ಯವಾರ ಬಸ್ಸಿನಲ್ಲಿ ಐರಣಿಗೆ ಹೋಗಿ ದಂಡೆ ನೋಡಿಕೊಂಡು ಬಂದೆವು. ಹೊಳೆ ತುಂಬಿ ಹರಿಯುತ್ತಿದೆ, ಆದರೂ ಬೇಸಿಗೆಯಲ್ಲಿ ಹೇಗಿರುತ್ತದೆ ಎಂದು ಹರಿಗೋಲು ನಡೆಸುವ ಅಂಜಿನಪ್ಪ ಕೋಲಿನಿಂದ ತೋರಿಸುತ್ತ ಹೇಳಿದ. ಅರ್ಧ ಉಸುಕು, ಅದರಾಚೆ ಎರೆಹೊಲ. ನಡುನಡುವೆ ಹಳ್ಳಗಳಿವೆ, ವರದೆಯಲ್ಲಿ ಮಡುಗಳಿವೆ, ಅಲ್ಲೆಲ್ಲ ಗಾಡಿಯನ್ನು ಹರಿಗೋಲಿನಲ್ಲಿ ಹಾಕಿ ದಾಟಿಸಬೇಕು. ನಾನು ಎರಡೂ ಗಾಡಿಗಳ ಹೆಸರು ಹೇಳಿದೆ. ಅವನಿಗೆ ಎರಡೂ ಗೊತ್ತಿದ್ದವು. "ಸಣ್ಣದಿದ್ರ ಹಾಕ್ಕೊಂಡು ಹೊಕ್ಕೇನ್ರಿ. ಆ ಡಬ್‌ಡಬ್ ಗಾಡಿ ತಂದ್ರ ನೀವು ಬ್ಯಾರೆ ಹರಗೋಲ ನೋಡ್ಕೋರಿ" ಎಂದ.

ಎರೆಮಣ್ಣು ನಿನಗೆ ಮರೆತಿರಬಹುದು. ಒಂದು ಹನಿ ಬಿದ್ದರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿಯೇ ತಿರುಗುವುದಿಲ್ಲ. ಆಗ ಗಾಡಿಯನ್ನು ಓಡಿಸುವ ಪ್ರಶ್ನೆ ಇಲ್ಲ, ಎಳೆಯುವ ಪ್ರಶ್ನೆ. ಆದ್ದರಿಂದ ನನ್ನ ಪ್ರಶ್ನೆಯನ್ನು ಬೇರೆ ರೀತಿ ಕೇಳುತ್ತೇನೆ. ಗಾಡಿ ಬಿದ್ದರೆ ಒಬ್ಬರೇ ಎತ್ತಿ ನಿಲ್ಲಿಸಲು ಆಗಬೇಕು. ಆ ಒಬ್ಬರು ಪೈಲವಾನರಲ್ಲ. ಇದನ್ನು ಹಿಡಿದು ಹೇಳು.

ಅನಸೂಯಾ


ಪುಣೆ
೩ ಅಕ್ಟೋಬರ್ ೧೯೯೦

ಅಕ್ಕನಿಗೆ,

ಓಡಿಸಲು ಬರುವವರು ಬೀಳುವುದಿಲ್ಲ, ಎತ್ತುವ ಪ್ರಶ್ನೆಯೂ ಬರುವುದಿಲ್ಲ. ಹರಿಗೋಲಿನವನ ಮಾತು ಕೇಳಿ ಮೋಟರ್‌ಸೈಕಲ್ ತೆಗೆದುಕೊಳ್ಳುವುದಾದರೆ ನನ್ನನ್ನು ಯಾಕೆ ಕೇಳಿದೆ? ಭಾವನಿಗೆ ಇಲ್ಲದ ಹೆದರಿಕೆ ನಿನಗೆ ಯಾಕೆ?

ಇಷ್ಟು ಪತ್ರ ಹಾಯಿಸುವ ಬದಲು ನಾನೇ ಮುಗಿಸಿಬಿಟ್ಟೆ. ಇಲ್ಲಿ ಪರಿಚಯದವರೊಬ್ಬರು ತಮ್ಮ ಬುಲೆಟ್ಟನ್ನು ಕೊಡಲು ಒಪ್ಪಿದರು. ಒಳ್ಳೆಯ ಗಾಡಿ, ಚೆನ್ನಾಗಿ ನೋಡಿಕೊಂಡದ್ದು. ಹೊಸದಾಗಿ ಬಣ್ಣ ಹಚ್ಚಿಸಿ ನಿನ್ನೆ ರೈಲಿಗೆ ಹಾಕಿದ್ದೇನೆ. ಮಿರಜದಲ್ಲಿ ರೈಲು ಬದಲಾಗಿ ಹಾವೇರಿ ಸ್ಟೇಶನ್ನಿಗೆ ಬರುತ್ತದೆ. ಆರ್.ಸಿ. ಪುಸ್ತಕ ಮೊದಲ ಮಾಲಕರ ಹೆಸರಿನಲ್ಲಿಯೇ ಇದೆ, ಅವರ ಸಹಿ ಇರುವ ಕಾಗದಗಳು ಸೀಟಿನ ಕೆಳಗೆ ಇವೆ. ಇದು ನನ್ನಿಂದ ನಿಮಗೆ. ಬೇಡ ಎನ್ನಬೇಡ.

ನಾಗರಾಜ


ರಾಣೇಬೆನ್ನೂರು
೨೮ ಅಕ್ಟೋಬರ್ ೧೯೯೦

ಪ್ರಿಯ ನಾಗು,

ಗಾಡಿ ಬಂದಿದೆ. ನೀನು ಪ್ರೀತಿಯಿಂದ ಕಳಿಸಿದ್ದೀ, ಅದನ್ನು ನಾನು ಅರಿಯದವಳಲ್ಲ. ಆದರೆ ಕಳಿಸುವ ಮೊದಲು ಒಂದು ಸಾಲು ಬರೆದು ಕೇಳಬಹುದಿತ್ತು. ನಾನು ಕೇಳಿದ್ದು ಯಾವುದು ತಗೊಳ್ಳಲಿ ಎಂದು. ನೀನು ಇದನ್ನೇ ತಗೋ ಎಂದು ಮನೆಯ ಮುಂದೆ ತಂದು ನಿಲ್ಲಿಸಿದ್ದೀ.

ಹಾವೇರಿ ಸ್ಟೇಶನ್ನಿನಲ್ಲಿ ಬಿಡಿಸಿಕೊಂಡ ಮೇಲೆ ಅದನ್ನು ಊರಿಗೆ ತರುವವರು ಇರಲಿಲ್ಲ. ಬ್ಯಾಡಗಿಯಲ್ಲಿ ಜಹಾಂಗೀರ ಎಂಬ ಮೇಸ್ತ್ರಿಯ ಗ್ಯಾರೇಜಿದೆ. ನಿನ್ನ ಭಾವ ಅವನನ್ನು ಕರೆಸಿಕೊಂಡು ಅವನ ಹಿಂದೆ ಕೂತು ಬಂದರು. ಓಣಿಯ ಜನವೆಲ್ಲ ಹೊರಗೆ ಬಂದು ನೋಡಿದರು.

ಎರಡು ತೊಂದರೆ ಹೇಳುತ್ತೇನೆ. ಇಲ್ಲಿ ಓಡಿಸುವವರ ಕಾಲು ನೆಲಕ್ಕೆ ಬೆರಳ ತುದಿಯಷ್ಟೇ ಮುಟ್ಟುತ್ತದೆ. ಮತ್ತು ಕಲಿತದ್ದು ರಾಜದೂತದ ಮೇಲೆ. ಅದರಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಬುಲೆಟ್ಟಿನಲ್ಲಿ ಎಲ್ಲ ಉಲ್ಟಾ. ಇದನ್ನು ಬದಲಿಸಲು ಆಗುತ್ತದೆಯೇ? ಜಹಾಂಗೀರ ಆಗುವುದಿಲ್ಲ ಎನ್ನುತ್ತಾನೆ.

ಅನಸೂಯಾ


ಪುಣೆ
೧೨ ನವೆಂಬರ್ ೧೯೯೦

ಅಕ್ಕನಿಗೆ,

ಬದಲಿಸಲು ಆಗುವುದಿಲ್ಲ, ಬದಲಿಸಬಾರದು. ಭಾವ ರೂಢಿ ಮಾಡಿಕೊಳ್ಳಬೇಕು. ಅಷ್ಟು ಎತ್ತರದವರ ಕಾಲು ಬೆರಳ ತುದಿಯಷ್ಟೇ ಮುಟ್ಟುತ್ತದೆ ಎಂದರೆ ಕೂಡುವುದೇ ತಪ್ಪಿದೆ. ಪೆಟ್ರೋಲ್ ಟಾಕಿಗೆ ಹತ್ತಿಕೊಂಡು ಕೂಡಲು ಹೇಳು. ಕಿಕ್ ಹೊಡೆಯುವ ಮೊದಲು ಅಮೀಟರಿನ ಮುಳ್ಳು ನಟ್ಟನಡುವೆ ಬರಬೇಕು, ಇಲ್ಲದಿದ್ದರೆ ಹೊಡೆತ ತಿರುಗಿ ಕಾಲಿಗೆ ಬರುತ್ತದೆ. ಇದನ್ನೆಲ್ಲ ಅವರೇ ನನಗೆ ಬರೆದು ಕೇಳಿದರೆ ವಿವರವಾಗಿ ಹೇಳುತ್ತೇನೆ. ನಡುವೆ ನೀನು ನಿಂತು ಮಾತು ದಾಟಿಸಿದರೆ ಅರ್ಧ ಕಳೆದುಹೋಗುತ್ತದೆ.

ವಾರಕ್ಕೊಮ್ಮೆಯಾದರೂ ಅದನ್ನು ಶುರುಮಾಡಿ ಬೆಚ್ಚಗೆ ಮಾಡಿರಿ. ಸುಮ್ಮನೆ ನಿಂತರೆ ಅದಕ್ಕೆ ಒಳ್ಳೆಯದಲ್ಲ.

ನಾಗರಾಜ


ರಾಣೇಬೆನ್ನೂರು
೨೦ ಡಿಸೆಂಬರ್ ೧೯೯೦

ನಾಗು,

ನಾವು ಚೆನ್ನಾಗಿದ್ದೇವೆ. ಶಾಲೆಯಲ್ಲಿ ಪರೀಕ್ಷೆ ನಡೆದಿದೆ. ಬಹಳ ಬರೆಯಲು ಆಗುವುದಿಲ್ಲ. ಗಾಡಿ ಚೆನ್ನಾಗಿದೆ, ಮೇಲೆ ಗೋಣಿತಟ್ಟು ಹೊದಿಸಿದ್ದೇವೆ. ನೀನು ಮೂರು ಪತ್ರದಲ್ಲಿ ನಿನ್ನ ಆರೋಗ್ಯದ ಬಗ್ಗೆ ಒಂದು ಅಕ್ಷರ ಬರೆದಿಲ್ಲ.

ಅನಸೂಯಾ


ಪುಣೆ
೮ ಜನವರಿ ೧೯೯೧

ಅನಸೂಯಕ್ಕಾ,

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ವಿರೂಪಾಕ್ಷಪ್ಪನವರು ಇಲ್ಲಿಯ ಮಾರ್ಕೆಟ್ಟಿಗೆ ಬಂದಿದ್ದರು. ನಮ್ಮ ಊರ ಕಡೆಯವರೆಂದು ಮಾತಾಡಿಸಿದೆ. "ನಿಮ್ಮ ಅಕ್ಕಾರ ಕಾಲು ಈಗ ಹ್ಯಾಂಗ ಐತ್ರಿ? ಐರಣಿ ಉಸುಕಿನ್ಯಾಗ ಗಾಡಿ ಮೈಮ್ಯಾಲ ಬಿತ್ತಂತಲ್ಲ" ಎಂದು ಅವರೇ ಕೇಳಿದರು. ನಾನು ಏನೂ ಗೊತ್ತಿಲ್ಲದವನಂತೆ ನಿಂತೆ. ಗೊತ್ತಿಲ್ಲದವನೇ ಆಗಿದ್ದೆ.

ಗಾಡಿ ಚೆನ್ನಾಗಿದೆ ಎಂದು ಬರೆದಿದ್ದೀ. ಯಾರ ತಪ್ಪನ್ನು ಮುಚ್ಚಲು ಬರೆದೆ ಎಂದು ನನಗೆ ತಿಳಿಯುತ್ತದೆ. ಕಣ್ಣು ಕಾಣದ ಮನುಷ್ಯ, ಸರಿಯಾಗಿ ಕಲಿಯದೆ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಉಸುಕಿಗೆ ಇಳಿಯುತ್ತಾನೆ ಎಂದರೆ ಅದಕ್ಕೆ ಏನೆನ್ನಬೇಕು? ನಿನಗೆ ಬರೆದರೆ ಅವರಿಗೆ ಮುಟ್ಟುವುದಿಲ್ಲ. ಅದಕ್ಕೇ ಅವರ ಆಫೀಸಿನ ವಿಳಾಸಕ್ಕೆ ಬೇರೆ ಪತ್ರ ಹಾಕಿದ್ದೇನೆ. ಹೇಳಬೇಕಾದದ್ದನ್ನು ಹೇಳಿದ್ದೇನೆ. ಗಾಡಿಯನ್ನು ಮುಟ್ಟಕೂಡದು ಎಂದೂ ಬರೆದಿದ್ದೇನೆ.

ನಾಗರಾಜ


ರಾಣೇಬೆನ್ನೂರು
೧೫ ಜನವರಿ ೧೯೯೧

ನಾಗರಾಜನಿಗೆ,

ಬಿದ್ದವಳು ನಾನು. ಓಡಿಸಿದವಳೂ ನಾನು. ನಿನ್ನ ಭಾವ ಇವತ್ತಿನವರೆಗೂ ಯಾವ ಮೋಟರ್‌ಸೈಕಲ್ಲಿನ ಹ್ಯಾಂಡಲ್ ಹಿಡಿದವರಲ್ಲ.

ಎರಡು ವರ್ಷದಿಂದ ನಾನು ಶಾಲೆಗೆ ಲೂನಾದ ಮೇಲೆ ಹೋಗುತ್ತೇನೆ. ಕಳೆದ ಬೇಸಿಗೆಯಲ್ಲಿ ನಿನ್ನ ಭಾವನ ಆಫೀಸಿನ ಶೇಖಪ್ಪನವರು ತಮ್ಮ ರಾಜದೂತದ ಮೇಲೆ, ಮಾರ್ಕೆಟ್ ಯಾರ್ಡಿನ ಖಾಲಿ ಬಯಲಿನಲ್ಲಿ, ನನಗೆ ಕಲಿಸಿದರು. ನಾನು ಮೊದಲನೆಯ ಪತ್ರದಲ್ಲಿ ಎರಡು ಜನ ಎಂದು ಮಾತ್ರ ಬರೆದಿದ್ದೆ. ಒಬ್ಬರನ್ನು ಮುಂದೆ, ಒಬ್ಬರನ್ನು ಹಿಂದೆ ಕೂರಿಸಿದವನು ನೀನು. ನಾನು ತಿದ್ದಲಿಲ್ಲ. ನಾನೇ ಓಡಿಸುತ್ತೇನೆ ಎಂದು ಬರೆದಿದ್ದರೆ ನೀನು ಗಾಡಿಯ ಬಗ್ಗೆ ಬರೆಯುತ್ತಿರಲಿಲ್ಲ, ನನ್ನ ಬಗ್ಗೆ ಬರೆಯುತ್ತಿದ್ದೆ. ನನಗೆ ಬೇಕಾಗಿದ್ದದ್ದು ಗಾಡಿಯ ಮಾತು.

ಆದದ್ದು ಇಷ್ಟು. ಡಿಸೆಂಬರಿನ ಮೊದಲ ವಾರ, ಐರಣಿಯಿಂದ ಸ್ವಲ್ಪ ಮೇಲಕ್ಕೆ, ಹೊಳೆ ಇಳಿದು ಉಸುಕು ಬಿಟ್ಟಿತ್ತು. ಎರಡನೆಯ ಗೇರಿನಲ್ಲಿ ಚೆನ್ನಾಗಿಯೇ ಹೋಗುತ್ತಿದ್ದೆ. ಮುಂದೆ ಉಸುಕು ಮೆತ್ತಗಾಯಿತು, ಗಾಡಿ ದಣಿಯಿತು, ಗೇರು ಇಳಿಸಬೇಕೆಂದು ಎಡಗಾಲು ಒತ್ತಿದೆ. ರೂಢಿ. ಎಡಗಾಲಿನ ಕೆಳಗಿದ್ದದ್ದು ಬ್ರೇಕು. ಹಿಂದಿನ ಗಾಲಿ ಕಚ್ಚಿಕೊಂಡು ನಿಂತಿತು, ಗಾಡಿ ಬಲಕ್ಕೆ ಮಲಗಿತು, ನನ್ನ ಕಾಲು ಅದರ ಕೆಳಗೆ. ಕಾದ ಸೈಲೆನ್ಸರು ಮೀನಖಂಡಕ್ಕೆ ಹತ್ತಿತು. ನಿನ್ನ ಭಾವ ದೂರ ಹೋಗಿ ಬಿದ್ದರು. ಕನ್ನಡಕ ಕಳೆದುಕೊಂಡು, ಕೈಯಿಂದ ತಡಕಾಡುತ್ತ ನನ್ನ ಹತ್ತಿರ ಬಂದು ಗಾಡಿಯನ್ನು ಎತ್ತಲು ನೋಡಿದರು. ಅದು ಏಳಲಿಲ್ಲ. ನಾನು ಅಳಬಾರದೆಂದು ಸೆರಗು ಕಚ್ಚಿಕೊಂಡಿದ್ದೆ. ಹುಲ್ಲು ಕೊಯ್ಯುತ್ತಿದ್ದ ಹೊಳಿಯವ್ವ ಎಂಬವಳು ಓಡಿ ಬಂದು ಅಂಜಿನಪ್ಪನನ್ನು ಕೂಗಿದಳು. ಮೂವರೂ ಸೇರಿ ಎತ್ತಿದರು. ನನ್ನ ಕಾಲಿಗೆ ನೀರು ಹಾಕುತ್ತ ಅವಳು, "ಇಷ್ಟ ದೊಡ್ಡದು ನಿನಗ ಯಾಕ ಬೇಕಿತ್ತವ್ವಾ" ಎಂದಳು. ನಾನು ಅದನ್ನು ಬೇಕೆಂದು ಕೇಳಿರಲಿಲ್ಲ.

ಸುಟ್ಟ ಗಾಯ ಈಗ ಒಣಗಿದೆ. ಕುಂಟುವುದು ಕಡಿಮೆಯಾಗಿದೆ.

ನಿನ್ನ ಪತ್ರ ನಿನ್ನ ಭಾವನಿಗೆ ಕೋರ್ಟಿನಲ್ಲಿ, ಎಲ್ಲರ ನಡುವೆ ಮುಟ್ಟಿತು. ಅವರು ಅದನ್ನು ಮನೆಗೆ ತಂದು ನನ್ನ ಕೈಗೆ ಕೊಟ್ಟರು. ಅದರಲ್ಲಿರುವ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಊಟವಾದ ಮೇಲೆ ಹೇಳಿದರು: "ಬೈಸಿಕೊಂಡದ್ದು ಇರಲಿ. ಗಾಡಿ ಓಡಿಸಿದಾಕಿ ನೀನು. ಅದು ನನ್ನ ಹೆಸರಿನ ಮ್ಯಾಲ ಯಾಕ ಹೋಗಬೇಕು? ಅವಗ ಖರೇ ಬರಿ."

ಖರೇ ಬರೆಯುವುದು ಇನ್ನೊಂದಿದೆ. ಬುಲೆಟ್ ನಮ್ಮ ಹತ್ತಿರ ಇಲ್ಲ. ಸಂಕ್ರಾಂತಿಯ ಹಿಂದಿನ ವಾರ ಅದನ್ನು ಬ್ಯಾಡಗಿಗೆ ಕಳಿಸಿ, ಜಹಾಂಗೀರನ ಗ್ಯಾರೇಜಿನಲ್ಲಿದ್ದ ಯೆಜ್ಡಿಯನ್ನು ಅದರ ಬದಲಿಗೆ ತಂದಿದ್ದೇನೆ. ನೀನು ಕೊಟ್ಟದ್ದನ್ನು ಕೇಳದೆ ಬದಲಿಸಿದೆ ಎಂದು ಸಿಟ್ಟು ಬಂದರೆ ಬರಲಿ. ನೀನು ಕಳಿಸಿದ್ದೂ ಕೇಳದೆಯೇ.

ಅನಸೂಯಾ


ಪುಣೆ
೨ ಮಾರ್ಚ್ ೧೯೯೧

ಅಕ್ಕ,

ಉತ್ತರ ಬರೆಯಬಾರದೆಂದು ಮಾಡಿದ್ದೆ. ಬರೆದು ಹರಿದದ್ದೂ ಇದೆ.

ಬುಲೆಟ್ ಕೊಟ್ಟ ಪರಿಚಯದವರು ಯಾರೂ ಇಲ್ಲ. ಅದು ನನ್ನದು. ಕೊಂಡಾಗ ಹೆಸರು ಬದಲಿಸುವ ಗೋಜಿಗೆ ಹೋಗಿರಲಿಲ್ಲ, ಆದ್ದರಿಂದ ಪುಸ್ತಕದಲ್ಲಿ ನನ್ನ ಹೆಸರು ಇರಲಿಲ್ಲ. ಬಣ್ಣ ಹಚ್ಚಿಸಿದ್ದು ಪಂಢರಾಪುರದ ದಾರಿಯಲ್ಲಿ ಟಾಕಿಗೆ ಬಿದ್ದ ಗೀರು ಕಾಣಬಾರದೆಂದು. ಆ ಗೀರಿನ ಕಥೆ ನಾನು ನಿನಗೆ ಬರೆದಿದ್ದೆ, ನೀನು ಗುರುತು ಹಿಡಿಯುತ್ತಿದ್ದೆ.

ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಬೆನ್ನುಹುರಿಯ ಹತ್ತಿರ ಮಣಿ ಜಾರಿತು. ಕಾರಖಾನೆಯಲ್ಲಿ ನಕ್ಷೆ ಎಳೆಯಲು ಬಗ್ಗಿದವನು ಮೇಲೆ ಏಳಲಿಲ್ಲ. ಎರಡು ಚಕ್ರದ ಗಾಡಿ ಇನ್ನು ಮುಟ್ಟಬೇಡ ಎಂದು ಡಾಕ್ಟರು ಹೇಳಿದರು. ನಿನ್ನ ಮೊದಲ ಪತ್ರ ಬಂದಾಗ ಬುಲೆಟ್ ಮನೆಯ ಮೆಟ್ಟಿಲುಗಳ ಕೆಳಗೆ ಧೂಳು ತಿನ್ನುತ್ತ ನಿಂತಿತ್ತು. ಮಾರಲು ಮನಸ್ಸಾಗಿರಲಿಲ್ಲ. ಹೊಳೆಯ ದಂಡೆ ಹಿಡಿದು ಆನೆಗೊಂದಿಯವರೆಗೆ ಎಂದು ನೀನು ಬರೆದದ್ದನ್ನು ಓದಿ, ನಾನು ಹೋಗದಿದ್ದರೂ ಅದು ಹೋಗಲಿ ಅನಿಸಿತು. ನೀನು ಯಾವ ಪ್ರಶ್ನೆ ಕೇಳಿದ್ದರೂ, ಎಷ್ಟು ಸಲ ಕೇಳಿದ್ದರೂ, ನನ್ನ ಉತ್ತರ ಬುಲೆಟ್ಟೇ ಆಗಿರುತ್ತಿತ್ತು. ನನ್ನ ಹತ್ತಿರ ಕೊಡಲು ಇದ್ದದ್ದು ಅದೊಂದೇ.

ಈಗ ಅದು ಬ್ಯಾಡಗಿಯ ಗ್ಯಾರೇಜಿನಲ್ಲಿದೆ. ಇರಲಿ.

ನಾಗರಾಜ


ರಾಣೇಬೆನ್ನೂರು
೧೧ ಮಾರ್ಚ್ ೧೯೯೧

ನಾಗು,

ಗ್ಯಾರೇಜಿನಲ್ಲಿಯೂ ಇಲ್ಲ.

ನಿನ್ನ ಪತ್ರ ಮುಟ್ಟಿದ ಮರುದಿನವೇ ಶಾಲೆಗೆ ರಜೆ ಹಾಕಿ ಬ್ಯಾಡಗಿಗೆ ಹೋದೆ. ಜಹಾಂಗೀರ ಅದನ್ನು ಹದಿನೈದು ದಿನದ ಹಿಂದೆ ಬಳ್ಳಾರಿ ಕಡೆಯ ಒಬ್ಬ ಗುತ್ತಿಗೆದಾರನಿಗೆ ಕೊಟ್ಟುಬಿಟ್ಟಿದ್ದ. ಅವನು ಯಾವ ಊರಿನವನೆಂದೂ ಸರಿಯಾಗಿ ಗೊತ್ತಿಲ್ಲ, ಹುಡುಕಲು ಹೇಳಿ ಬಂದಿದ್ದೇನೆ. "ಅಕ್ಕಾರ, ತಮ್ಮನ ಗಾಡಿ ಅಂತ ಒಂದ ಮಾತು ಹೇಳಿದ್ರ ನಾನು ಹಂಗಽ ಇಟಗೊಂಡಿರತಿದ್ನಿ" ಎಂದ. ನನಗೇ ಗೊತ್ತಿರಲಿಲ್ಲ ಎಂದು ಅವನಿಗೆ ಹೇಳುವಾಗ ನನ್ನ ಮುಖ ನೋಡಿ ಅವನು ಚಹ ತರಿಸಿದ.

ನಿನ್ನ ಮೇಲೆ ನನಗೆ ಬಂದಿರುವ ಸಿಟ್ಟು ಎಷ್ಟೆಂದು ಬರಹದಲ್ಲಿ ಹಿಡಿಯುವುದಿಲ್ಲ. ಹತ್ತು ತಿಂಗಳು ಬೆನ್ನು ಹಿಡಿದುಕೊಂಡು ಕೂತಿದ್ದೀ, ಒಂದು ಕಾರ್ಡು ಹಾಕಲು ಆಗಲಿಲ್ಲವೇ? ಅನ್ನ ಯಾರು ಮಾಡಿ ಹಾಕಿದರು? ನಾನು ಗಾಡಿಯ ಭಾರದ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದೆ, ನೀನು ಅತ್ತ ಮಲಗಿಕೊಂಡು ಅಮೀಟರಿನ ಮುಳ್ಳಿನ ಬಗ್ಗೆ ಬರೆಯುತ್ತಿದ್ದೆ. ನನ್ನದೂ ತಪ್ಪಿದೆ, ಇಲ್ಲವೆನ್ನುವುದಿಲ್ಲ. ಆದರೆ ನನಗೆ ಈಗ ನ್ಯಾಯ ಹೇಳುವ ಮನಸ್ಸಿಲ್ಲ.

ಯೆಜ್ಡಿಯ ಕಥೆಯನ್ನೂ ಕೇಳಿಬಿಡು. ಗೇರು ಎಡಕ್ಕಿದೆ, ಕಾಲು ನೆಲಕ್ಕೆ ಮುಟ್ಟುತ್ತದೆ, ಬಿದ್ದರೆ ನಾನೊಬ್ಬಳೇ ಎತ್ತುತ್ತೇನೆ, ಎತ್ತಿದ್ದೇನೆ. ಒಬ್ಬಳೇ ಹೋದರೆ ಮೇಡ್ಲೇರಿಯ ಆಚೆಯ ಉಸುಕಿನಲ್ಲಿಯೂ ಹೋಗುತ್ತದೆ. ನಿನ್ನ ಭಾವನನ್ನೂ ಸಾಮಾನನ್ನೂ ಹಿಂದೆ ಹಾಕಿಕೊಂಡ ಕೂಡಲೆ ಹಿಂದಿನ ಗಾಲಿ ಅಚ್ಚಿನವರೆಗೆ ಹೂತುಕೊಳ್ಳುತ್ತದೆ. ಮೊನ್ನೆ ಅವರು ಇಳಿದು ತಳ್ಳಿದರು, ಮತ್ತೆ ಹತ್ತಿದರು, ಮತ್ತೆ ಇಳಿದರು. ಕೊನೆಗೆ ಬಿಸಿಲಿನಲ್ಲಿ ಜಾಲಿಯ ಗಿಡದ ಕೆಳಗೆ ಕೂತು, "ನೀ ಹೋಗು, ನಾ ಇಲ್ಲೇ ಇರತೇನಿ" ಎಂದರು. ಅವರನ್ನು ಬಿಟ್ಟು ಎಲ್ಲಿಗೆ ಹೋಗಲಿ? ಸಾಮಾನು ಇಲ್ಲದೆ ರಾತ್ರಿ ಎಲ್ಲಿ ಇರಲಿ?

ದೊಡ್ಡದು ನನ್ನ ಮೇಲೆ ಬಿತ್ತು. ಸಣ್ಣದಕ್ಕೆ ನಾವಿಬ್ಬರೂ ಭಾರವಾದೆವು. ಇದಕ್ಕೇ ತಮ್ಮನ ಗಾಡಿ ಕಳೆದೆ, ಗಂಡನಿಗೆ ಬೈಗುಳ ತಂದೆ. ಪ್ರವಾಸದ ವಿಚಾರ ಬಿಟ್ಟಿದ್ದೇನೆ. ಶಾಲೆಯಲ್ಲಿ ಯಾರಾದರೂ ಕೇಳಿದರೆ ಬಿಸಿಲು ಜಾಸ್ತಿ ಎಂದು ಹೇಳುತ್ತೇನೆ.

ಅನಸೂಯಾ


ಪುಣೆ
೨೭ ಮಾರ್ಚ್ ೧೯೯೧

ಅಕ್ಕ,

ಬಿಡಬೇಡ. ನಾನು ಎರಡು ದಿನ ನಕ್ಷೆ ಮುಂದೆ ಇಟ್ಟುಕೊಂಡು ನೋಡಿದೆ.

ಐರಣಿಗೆ ಬಸ್ಸಿದೆ. ಹಾವನೂರಿಗೆ ಬಸ್ಸಿದೆ. ಹಾವೇರಿಯಿಂದ ಗುತ್ತಲದ ಮೇಲೆ ಗಳಗನಾಥಕ್ಕೂ ಇದೆ. ಅಲ್ಲಿಂದ ಮುಂದಿನದ್ದನ್ನು ಅಲ್ಲಿಯೇ ಕೇಳೋಣ. ನಾನು ಬರುತ್ತೇನೆ. ಹಾಸಿಗೆ, ಸ್ಟೋವು, ಎಣ್ಣೆಯ ಡಬ್ಬಿ ಎಲ್ಲ ನನ್ನ ಹತ್ತಿರ, ಬಸ್ಸಿನಲ್ಲಿ. ಒಂದು ಟ್ಯೂಬು, ನಟ್ಟು ಬಿಚ್ಚುವ ಪಾನ ಮಾತ್ರ ನಿನ್ನ ಹತ್ತಿರ. ಭಾವನೂ ಬಸ್ಸಿನಲ್ಲಿ. ನೀನು ಒಬ್ಬಳೇ, ಖಾಲಿ ಗಾಡಿ, ಹೊಳೆಯ ದಂಡೆ. ಸಂಜೆಗೆ ನಾವು ನಿನಗಿಂತ ಮೊದಲು ಊರು ಮುಟ್ಟಿ, ಗುಡಿಯಲ್ಲೋ ಶಾಲೆಯಲ್ಲೋ ಇರಲು ವ್ಯವಸ್ಥೆ ಮಾಡಿರುತ್ತೇವೆ. ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕರೆ ನನ್ನ ಬೆನ್ನಿಗೆ ತೊಂದರೆ ಇಲ್ಲ.

ಭಾವನಿಗೆ ಬೇರೆ ಪತ್ರ ಬರೆದಿದ್ದೇನೆ. ಈ ಸಲ ಮನೆಯ ವಿಳಾಸಕ್ಕೆ. ಅವರು ಓದದಿದ್ದರೆ ನೀನು ಒತ್ತಾಯ ಮಾಡಬೇಡ.

ನಾಗರಾಜ


ರಾಣೇಬೆನ್ನೂರು
೫ ಏಪ್ರಿಲ್ ೧೯೯೧

ನಾಗು,

ಓದಿದರು. ಎರಡು ಸಲ ಓದಿದರು. ಆಮೇಲೆ, "ಬಸ್ಸಿನ್ಯಾಗ ಹೋಗೂದಕ್ಕ ನನ್ನದೇನೂ ತಕರಾರಿಲ್ಲ. ಅವನ ಕೂಡ ಮಾತಾಡಬೇಕು ಅಂತ ಮಾತ್ರ ಹೇಳಬ್ಯಾಡ" ಎಂದರು. ನಾನು ಹೇಳುವುದಿಲ್ಲ ಎಂದೆ.

ರಜೆ ಬಿದ್ದ ಮೇಲೆ, ಏಪ್ರಿಲ್ ಕೊನೆಗೆ ಬಾ. ಬೆನ್ನಿಗೆ ಕಟ್ಟುವ ಪಟ್ಟಿ ಇದ್ದರೆ ತಾ. ನನಗೆ ಇದು ಆಗುತ್ತದೆ ಎಂಬ ನಂಬಿಕೆ ಇನ್ನೂ ಇಲ್ಲ.

ಅನಸೂಯಾ


ಪುಣೆ
೧೯ ಮೇ ೧೯೯೧

ಅಕ್ಕ,

ಅಕ್ಷರ ಅಡ್ಡಾದಿಡ್ಡಿ ಇವೆ, ಕ್ಷಮಿಸು. ಅಂಗಾತ ಮಲಗಿ, ರಟ್ಟು ಎದೆಯ ಮೇಲೆ ಇಟ್ಟುಕೊಂಡು ಸೀಸದ ಕಡ್ಡಿಯಲ್ಲಿ ಬರೆಯುತ್ತಿದ್ದೇನೆ. ಬಂದ ಮರುದಿನದಿಂದ ಹೀಗೆಯೇ. ಡಾಕ್ಟರು ಬೈದರು. ಏನು ಮಾಡಿದಿ ಎಂದು ಕೇಳಿದರು. ಬಸ್ಸಿನ ಕುಲುಕಾಟ ಎಂದು ಹೇಳಿದ್ದೇನೆ.

ನೀನು ದಂಡೆಯ ಮೇಲೆ ಇದ್ದೆ, ಆದ್ದರಿಂದ ನಿನಗೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ.

ಮೊದಲನೆಯ ದಿನ ಐರಣಿಯವರೆಗೆ ಭಾವ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದರು. ಸ್ಟೋವು ನನ್ನ ಕಾಲ ಮೇಲೆ, ಹಾಸಿಗೆ ಅವರ ಕಾಲ ಮೇಲೆ. ನಾನು ಚಹ ತಂದು ಕೊಟ್ಟರೆ ತೆಗೆದುಕೊಂಡರು, ಕಪ್ಪು ತಿರುಗಿ ಕೊಟ್ಟರು. ಅಷ್ಟೇ. ಎರಡನೆಯ ದಿನ ಹಾವನೂರಿನಲ್ಲಿ ನೀನು ಬಹಳ ತಡಮಾಡಿದೆ, ನೆನಪಿದೆಯಲ್ಲ. ನಮಗೆ ಪಂಕ್ಚರು ಎಂದು ಗೊತ್ತಿರಲಿಲ್ಲ. ಭಾವ ದೇವಿಯ ಗುಡಿಯಿಂದ ಹೊಳೆಗೆ, ಹೊಳೆಯಿಂದ ಗುಡಿಗೆ ತಿರುಗುತ್ತಿದ್ದರು. ದನ ಹೊಡೆದುಕೊಂಡು ಬಂದವರನ್ನೆಲ್ಲ ನಿಲ್ಲಿಸಿ ಕೇಳಿದರು. ಕೊನೆಗೆ ನನ್ನ ಹತ್ತಿರ ಬಂದು ನಿಂತು, "ಪಂಕ್ಚರ್ ಆದ್ರ ಆಕಿಗೆ ಗಾಲಿ ಬಿಚ್ಚಲಿಕ್ಕೆ ಬರತದೇನು" ಎಂದು ಕೇಳಿದರು. ಬರುತ್ತದೆ, ನಿನ್ನೆ ರಾತ್ರಿ ತೋರಿಸಿಕೊಟ್ಟಿದ್ದೇನೆ ಎಂದೆ. "ಹಂಗಾರ ಛಲೋ ಆತು" ಎಂದರು. ಅವರು ನನ್ನ ಕೂಡ ಆಡಿದ ಮೊದಲ ಮಾತು ಅದು. ನಾನು ಪತ್ರದಲ್ಲಿ ಕೇಳಿದ ಕ್ಷಮೆಗೆ ಉತ್ತರ ಅದೇ ಎಂದು ತಿಳಿದುಕೊಂಡೆ. ಬೇರೆ ಉತ್ತರ ಅವರು ಕೊಡಲಿಲ್ಲ, ನಾನು ಕೇಳಲಿಲ್ಲ.

ಗಳಗನಾಥದಲ್ಲಿ ಮೂರನೆಯ ದಿನ ಮಧ್ಯಾಹ್ನ ಆ ಅಡ್ಡಮಳೆ ಬಂದಾಗ ನಾವಿಬ್ಬರೂ ಗುಡಿಯ ಕಟ್ಟೆಯ ಮೇಲಿದ್ದೆವು. ಎರೆ ಕರಗಿತು, ಇನ್ನು ನೀನು ಬರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಭಾವನಿಗೆ ಹೇಳಲಿಲ್ಲ. ಆಮೇಲೆ ಜಾಲಿಯ ಗಿಡಗಳ ನಡುವೆ ನೀನು ಕಂಡೆ. ಗಾಡಿಯ ಮೇಲೆ ಇರಲಿಲ್ಲ, ಎಂಜಿನ್ ನಡೆಸಿಕೊಂಡು ಪಕ್ಕದಲ್ಲಿ ನಡೆಯುತ್ತಿದ್ದೆ. ಮಡ್‌ಗಾರ್ಡು ಬಿಚ್ಚಿ ಹಿಂದೆ ಕಟ್ಟಿದ್ದೆ. ಮೊಣಕಾಲಿನವರೆಗೆ ಮಣ್ಣು. ಭಾವ ಕನ್ನಡಕ ಒರೆಸಿಕೊಂಡು ನೋಡಿದರು. "ನಿನ್ನ ಬುಲೆಟ್ ಆಗಿದ್ರ ಇಲ್ಲೀತನಕ ಬರತಿದ್ದಿಲ್ಲ" ಎಂದರು. ಸಿಟ್ಟಿನಿಂದ ಅಲ್ಲ, ನಿಜವನ್ನು ಹೇಳುವ ಹಾಗೆ. ನಾನು ಹೌದು ಎಂದೆ. ಆ ಮಾತು ಹೇಳಲು ನನಗೆ ಕಷ್ಟವಾಯಿತು.

ಇಲ್ಲಿಗೆ ಸಾಕು, ಮುಂದೆ ಎಲ್ಲ ಎರೆ, ಮಳೆ ಶುರುವಾಗಿದೆ ಎಂದು ನೀನೇ ನಿರ್ಧಾರ ಮಾಡಿದೆ. ಆನೆಗೊಂದಿ ಆಗಲಿಲ್ಲ ಎಂದು ನೀನು ರಾತ್ರಿಯೆಲ್ಲ ಮುಖ ಗಂಟು ಹಾಕಿಕೊಂಡು ಕೂತದ್ದನ್ನು ನೋಡಿದೆ. ನಾನು ಸಮಾಧಾನ ಹೇಳಲಿಲ್ಲ. ನಿನಗೆ ಅದು ಬೇಕಾಗಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ, ಬಸ್ಸಿಗೆ ಮೊದಲು, ನೀನು ಗಾಡಿಯನ್ನು ನೀರಿನ ಹತ್ತಿರ ತೊಳೆದು ತಂದು ಹ್ಯಾಂಡಲ್ಲನ್ನು ನನ್ನ ಕೈಗೆ ಕೊಟ್ಟೆ. ಭಾವ ಬೇಡ ಎನ್ನುತ್ತಾರೆ ಎಂದುಕೊಂಡೆ. ಅವರು ಬೇರೆ ಕಡೆ ನೋಡಿದರು. ಮಳೆಗೆ ಉಸುಕು ಗಟ್ಟಿಯಾಗಿತ್ತು. ಮೊದಲನೆಯ ಗೇರಿನಲ್ಲಿ ವರದೆಯ ನೀರು ತುಂಗಭದ್ರೆಗೆ ಬಂದು ಸೇರುವ ತುದಿಯವರೆಗೆ ಹೋದೆ, ನಿಲ್ಲಿಸಿದೆ, ಎರಡು ಬಣ್ಣದ ನೀರು ಸ್ವಲ್ಪ ದೂರದವರೆಗೆ ಬೇರೆಬೇರೆಯಾಗಿಯೇ ಹೋಗುವುದನ್ನು ನೋಡಿದೆ, ತಿರುಗಿ ಬಂದೆ. ಬಂದು ಇಳಿದು ಸೀಟಿನ ಮೇಲೆ ಕೈ ಇಟ್ಟುಕೊಂಡೇ ನಿಂತೆ, ನೀನು ಬೆನ್ನು ನೋಯುತ್ತಿದೆ ಎಂದು ತಿಳಿದೆ. ನೋಯುತ್ತಿತ್ತು. ಅದೊಂದೇ ಕಾರಣ ಅಲ್ಲ.

ಗುತ್ತಿಗೆದಾರನನ್ನು ಹುಡುಕುವುದನ್ನು ಬಿಡು. ಜಹಾಂಗೀರನಿಗೂ ಹೇಳು.

ನೀನು ಕೇಳಿದ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಆ ದಂಡೆಗೆ ಯೆಜ್ಡಿ. ಒಬ್ಬರೇ ಇದ್ದರೆ, ಸಾಮಾನು ಇಲ್ಲದಿದ್ದರೆ. ಕ್ಲಚ್ಚಿನ ತಂತಿ ಬಹಳ ಬಿಗಿಯಾಗಿದೆ, ನಿನ್ನ ಮುಂಗೈ ಹಿಡಿಯುತ್ತಿರಬೇಕು. ಸ್ವಲ್ಪ ಸಡಿಲು ಮಾಡಿಸು.

ನಾಗು